ಒಂದು ಪಿಸ್ತೂಲಿಗೆ ನಾಲ್ಕು ಸ್ಪೇರ್

ಸ್ಪೇರ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಕುವೈತಿನ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಗೆ ಕೆಲಸ ಮಾಡುತ್ತಿದ್ದ ಒಂದು ಗುತ್ತಿಗೆ ಕಂಪೆನಿಯಲ್ಲಿ ನಾನು ವರ್ಷಗಟ್ಟಲೆ ಸ್ಟೋರ್‌ಕೀಪರ್ ಆಗಿದ್ದವನು. ಪಂಪು ನಿಂತರೆ ಅಲ್ಲಿಯ ಇಂಜಿನಿಯರುಗಳು ದೇವರನ್ನು ನೆನೆಯುವ ಮೊದಲು ನನ್ನನ್ನು ನೆನೆಯುತ್ತಿದ್ದರು. ಓಡುತ್ತಿರುವುದು ಕೆಟ್ಟರೆ ಒಂದು, ಅದರ ಬದಲಿಗೆ ಬಂದದ್ದೂ ಕೆಟ್ಟರೆ ಒಂದು, ಹೊಸದು ಬರುವವರೆಗೆ ಒಂದು, ಆ ಹೊಸದೇ ಕೆಟ್ಟು ಬಂದರೆ ಮತ್ತೊಂದು. ಒಟ್ಟು ನಾಲ್ಕು. ಇದು ನನ್ನ ಶಾಸ್ತ್ರ. ಪ್ರತಿಯೊಂದಕ್ಕೂ ದಪ್ಪಗೆ ಗ್ರೀಸ್ ಬಳಿದು, ಮೇಣದ ಕಾಗದ ಸುತ್ತಿ, ಕಪಾಟಿನಲ್ಲಿ ಮಲಗಿಸುವುದು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯಬಾರದಲ್ಲ!

ಫಹಾಹೀಲಿನ ನಮ್ಮ ಫ್ಲಾಟಿನಲ್ಲೂ ಇದೇ ಕಾನೂನು. ಕುಕ್ಕರಿನ ರಬ್ಬರ್ ನಾಲ್ಕು, ಮಿಕ್ಸಿಯ ಜಾರು ನಾಲ್ಕು, ಬಾತ್‌ರೂಮ್ ಚಪ್ಪಲಿ ನಾಲ್ಕು ಜೊತೆ. ಮನೆಯೊಳಗೆ ನಡೆಯಬೇಕಾದರೆ ಅಡ್ಡಡ್ಡ ತಿರುಗಬೇಕು. ನನ್ನ ಹೆಂಡತಿ ಹಿಲ್ಡಾ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಮಿಕ್ಸಿಯ ಸ್ಪೇರ್ ಜಾರಿನಲ್ಲಿ ಕಾಯಿ ಅರೆದು ಗ್ರೀಸಿನ ವಾಸನೆ ಬಂದ ದಿನ ಅವಳು ಒಂದು ಮಾತು ಹೇಳಿದಳು. ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

"ಎಲ್ಲದಕ್ಕೂ ನಾಲ್ಕು ನಾಲ್ಕು ಸ್ಪೇರ್ ಇಟ್ಟಿದ್ದೀರಿ. ಗಂಡನಿಗೆ ಮಾತ್ರ ಒಂದೂ ಇಲ್ಲ!"

ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಹೀಗಿರುವಾಗ ನಮ್ಮ ಕಂಪೆನಿಯ ಗುತ್ತಿಗೆ ಮುಗಿಯಿತು. ಮ್ಯಾನೇಜರು ಕೈಕುಲುಕಿ, "ಖಲಾಸ್ ಲಾರೆನ್ಸ್, ಬೇರೆ ಕೆಲಸ ನೋಡಿಕೋ" ಎಂದರು. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಇರಲು ಇರುವ ಪರವಾನಗಿ, ಮುಗಿಯುತ್ತ ಬಂದಿತ್ತು. ಹಿಲ್ಡಾಳದ್ದು ಅವಳ ಕ್ಲಿನಿಕ್ಕಿನ ಮೇಲೆ ಭದ್ರ. ಆದರೆ ಮಗಳು ಶಾರನ್‌ಳದ್ದು ನನ್ನದಕ್ಕೆ ಗಂಟು ಹಾಕಿದ್ದು. ನಾನು ಮಂಗಳೂರಿನ ವಿಮಾನ ಹತ್ತಿದರೆ ಅವಳೂ ಹತ್ತಬೇಕು, ಅದೂ ಹತ್ತನೇ ಕ್ಲಾಸಿನ ನಡುವೆ. ಶಾಲೆ ತಪ್ಪುತ್ತದೆ, ಪರೀಕ್ಷೆ ತಪ್ಪುತ್ತದೆ, ಹಿಲ್ಡಾ ಇಲ್ಲಿ ಒಂಟಿ. ಹೆದರಿದ್ದೆ, ನಿಜ ಹೇಳುತ್ತೇನೆ.

ಆಗ ಆಪತ್ಬಾಂಧವನಾಗಿ ಬಂದವರು ಕೆಳಗಿನ ಮಹಡಿಯ ಹಮೀದಾಕ. ಬಂಟ್ವಾಳದ ಕಡೆಯ ಬ್ಯಾರಿ. ಫಹಾಹೀಲ್ ಮಾರ್ಕೆಟ್ಟಿನಲ್ಲಿ ಸೂಟ್‌ಕೇಸು, ಕಂಬಳಿಗಳ ಅಂಗಡಿ. ಅವರ ಗಿರಾಕಿ ಅಬೂ ನಾಸಿರ್ ಎಂಬ ನಿವೃತ್ತ ಸೇನಾಧಿಕಾರಿ ಊರ ಹೊರಗಿನ ಮರುಭೂಮಿಯಲ್ಲಿ ಒಂದು ಸಣ್ಣ ಶೂಟಿಂಗ್ ಕ್ಲಬ್ ನಡೆಸುತ್ತಿದ್ದರು. ಸ್ಪರ್ಧೆಗಳಲ್ಲಿ ಕಾಗದದ ಗುರಿಗೆ ಪಿಸ್ತೂಲಿನಿಂದ ಹೊಡೆಯುವ ಆಟ. ಅಲ್ಲಿಗೆ ಒಬ್ಬ ಸ್ಟೋರ್‌ಕೀಪರ್ ಬೇಕಾಗಿತ್ತು.

"ಹೋಗಿ ಮಾರಾಯ್ರೆ," ಎಂದರು ಹಮೀದಾಕ. "ಒಳ್ಳೆ ಜನ ಅವರು. ಎದುರು ಮಾತಾಡ್ಬೇಡಿ, ಅಷ್ಟೆ. ನೀವು ಸ್ವಲ್ಪ ಜಾಸ್ತಿ ಮಾತಾಡ್ತೀರಿ."

ಅಬೂ ನಾಸಿರ್ ಅಂದರೆ ಆರಡಿ ಎತ್ತರ, ಹಾಲು ಚೆಲ್ಲಿದಂಥ ಬಿಳಿ ದಿಶ್‌ದಾಶ, ಅದಕ್ಕಿಂತ ಬಿಳಿ ಗಡ್ಡ. ಕಾಲಿನವರೆಗೆ ಇಳಿಬಿದ್ದ ಆ ನಿಲುವಂಗಿಯ ಮೇಲೆ ಒಂದು ಸುಕ್ಕೂ ಇರಲಿಲ್ಲ.

"ನಿನಗೆ ಪಿಸ್ತೂಲು ಗೊತ್ತಾ?" ಎಂದು ಕೇಳಿದರು.

"ಪಿಸ್ತೂಲು ಗೊತ್ತಿಲ್ಲ ಸರ್. ಸ್ಪೇರ್ ಗೊತ್ತು," ಎಂದೆ.

ಆ ಉತ್ತರ ಅವರಿಗೆ ಹಿಡಿಸಿತು. ಮುಂದಿನ ಪಂದ್ಯದವರೆಗೆ ನೋಡುತ್ತೇನೆ, ಸರಿಹೋದರೆ ಇಕಾಮಾ ಕ್ಲಬ್ಬಿನ ಹೆಸರಿಗೆ ವರ್ಗಾವಣೆ, ಇಲ್ಲದಿದ್ದರೆ ಮಅಸ್ಸಲಾಮ ಎಂದು ಕೈ ಬೀಸಿ ತೋರಿಸಿದರು. ಶುಭ ಪ್ರಯಾಣ ಎಂದು ಅದರ ಅರ್ಥ. ನನ್ನ ಕಣ್ಣಿಗೆ ಮಂಗಳೂರಿನ ವಿಮಾನ ಕಂಡಿತು.

ಕ್ಲಬ್ಬಿನ ಪಿಸ್ತೂಲುಗಳ ರಿಪೇರಿಗೆ ಮಹಮೂದ್ ಎಂಬ ಈಜಿಪ್ಟಿನವರಿದ್ದರು. ಮಗಳ ಮದುವೆಗೆ ರಜೆಯಲ್ಲಿ ಹೊರಟಿದ್ದ ಅವರು ನನಗೆ ಮ್ಯಾಗಝಿನ್ ಎಂದರೆ ಏನೆಂದು ತೋರಿಸಿದರು. ಐದು ಗುಂಡು ಹಿಡಿಸುವ, ಬೆರಳುದ್ದದ ಒಂದು ತಗಡಿನ ಡಬ್ಬಿ. ಗುಂಡು ತುಂಬಿ ಪಿಸ್ತೂಲಿನೊಳಗೆ ಸಿಕ್ಕಿಸಬೇಕು. ಖಾಲಿಯಾದರೆ ತೆಗೆದು ಇನ್ನೊಂದು. ಅಷ್ಟು ಹೇಳಿ ಮಹಮೂದ್ ಎರಡೂ ಕೈ ಅಡ್ಡ ಆಡಿಸಿ, "ಮಾಫಿ ಟಚ್! ಮಾಫಿ ಟಚ್!" ಎಂದರು. ಮುಟ್ಟಬೇಡ ಎಂದು! ಸ್ಟೋರ್‌ಕೀಪರನಿಗೆ ಸಾಮಾನು ಮುಟ್ಟಬೇಡ ಎನ್ನುವುದೆಂದರೆ ಅಡಿಗೆಯವನಿಗೆ ಸೌಟು ಮುಟ್ಟಬೇಡ ಎಂದ ಹಾಗೆ. ಪಾಪ, ಮಗಳ ಮದುವೆಯ ಟೆನ್ಶನ್ನು ಎಂದುಕೊಂಡು ಕ್ಷಮಿಸಿದೆ.

ಅವರು ಹೋದ ಮೇಲೆ ಅಬೂ ನಾಸಿರ್ ನನ್ನನ್ನು ಕರೆದು ಆ ಐತಿಹಾಸಿಕ ಪ್ರಶ್ನೆ ಕೇಳಿದರು. "ಲಾರೆನ್ಸ್, ಒಂದು ಪಿಸ್ತೂಲಿಗೆ ಎಷ್ಟು ಸ್ಪೇರ್ ಮ್ಯಾಗಝಿನ್ ಇಟ್ಟುಕೊಳ್ಳಬೇಕು? ನೀನೇ ತೀರ್ಮಾನಿಸು."

ನನ್ನ ಎದೆ ಉಬ್ಬಿತು. ಇಷ್ಟು ವರ್ಷ ನಾನು ಬದುಕಿದ್ದೇ ಈ ಪ್ರಶ್ನೆಗಾಗಿ!

ಉತ್ತರ ಗೊತ್ತಿದ್ದರೂ ಮನೆಯಲ್ಲಿ ಚರ್ಚೆಗೆ ಇಟ್ಟೆ. ಹಮೀದಾಕ ಚಹಾ ಕುಡಿಯಲು ಬಂದಿದ್ದರು.

"ಡಜನ್ ಇಡಿ," ಎಂದರು ಅವರು. "ಅಂಗಡಿಯಲ್ಲಿ ಮಾಲು ತುಂಬಿ ಕಂಡರೇ ಒಂದು ಕಳೆ."

ಹಿಲ್ಡಾ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದವಳು ತಲೆಯೆತ್ತದೆ ಹೇಳಿದಳು. "ನಮ್ಮ ಕ್ಲಿನಿಕ್ಕಿನಲ್ಲಿ ಕೈಗೆ ಸಿಗುವ ಸಿರಿಂಜು ಪೇಶೆಂಟಿಗೆ. ಸ್ಟೋರಿನಲ್ಲಿರುವುದು ಸ್ಟೋರ್‌ಕೀಪರನಿಗೆ. ಆಟ ಆಡುವವರ ಹತ್ತಿರವೇ ಕೇಳಿ ನೋಡಿ."

"ಇದು ಸಿರಿಂಜಲ್ಲ ಹಿಲ್ಡಾ, ಆಯುಧ," ಎಂದೆ ಗಂಭೀರವಾಗಿ.

"ಹಾಗಾದ್ರೆ ಮತ್ತೂ ಕೇಳಬೇಕು."

ಕೇಳಲಿಲ್ಲ. ನಾಲ್ಕು ಎಂದು ತೀರ್ಮಾನಿಸಿದೆ.

ತೀರ್ಮಾನಿಸಿದ್ದೇನೋ ಸರಿ, ಆದರೆ ಕ್ಲಬ್ಬಿನ ಪರಿಸ್ಥಿತಿ ನೋಡಿ ನನಗೆ ಅಳು ಬಂತು. ಮ್ಯಾಗಝಿನ್‌ಗಳು ಆಟಗಾರರ ಪೆಟ್ಟಿಗೆಗಳಲ್ಲಿ ಚೆಲ್ಲಾಪಿಲ್ಲಿ! ಒಬ್ಬರ ಹತ್ತಿರ ಎರಡು, ಇನ್ನೊಬ್ಬರ ಹತ್ತಿರ ಆರು. ಇದನ್ನು ಯಾವ ಸ್ಟೋರ್‌ಕೀಪರ್ ಸಹಿಸಿಯಾನು? ಗುರುವಾರ ಪಂದ್ಯ. ಆಗ ಅಲ್ಲಿ ಗುರುವಾರ, ಶುಕ್ರವಾರ ರಜೆ. ಬುಧವಾರ ಮಧ್ಯಾಹ್ನ ಕೊನೆಯ ಅಭ್ಯಾಸ ಮುಗಿದದ್ದೇ ತಡ, ಎಲ್ಲ ಮ್ಯಾಗಝಿನ್‌ಗಳನ್ನೂ ಸ್ಟೋರಿಗೆ ಒಪ್ಪಿಸತಕ್ಕದ್ದು ಎಂದು ಅಪ್ಪಣೆ ಹೊರಡಿಸಿದೆ. ಅಬೂ ನಾಸಿರರ ಮಾತೆಂದುಕೊಂಡು ಎಲ್ಲರೂ ತಂದುಕೊಟ್ಟರು. ಎಲ್ಲರೂ ಎಂದೆನಲ್ಲ, ಒಬ್ಬಳನ್ನು ಬಿಟ್ಟು.

ಅವಳ ಹೆಸರು ನೂರಾ. ಕಾಲೇಜಿಗೆ ಹೋಗುವ ಕುವೈತಿ ಹುಡುಗಿ, ಕ್ಲಬ್ಬಿನ ಅತಿ ಒಳ್ಳೆಯ ಗುರಿಕಾರಳು. ಈ ಪಂದ್ಯದಲ್ಲಿ ಗೆದ್ದರೆ ಹೊರದೇಶದ ಸ್ಪರ್ಧೆಗೆ ಹೋಗುವ ತಂಡದಲ್ಲಿ ಜಾಗ. ಅವಳು ಮೂರು ಮ್ಯಾಗಝಿನ್ ಮಾತ್ರ ಕೊಟ್ಟಳು.

"ಲೆಕ್ಕದಲ್ಲಿ ನಾಲ್ಕಿದೆ. ನಾಲ್ಕನೆಯದೆಲ್ಲಿ?" ಎಂದೆ.

"ಅದು ನನ್ನ ಹ್ಯಾಂಡ್‌ಬ್ಯಾಗಿನಲ್ಲಿದೆ ಅಂಕಲ್. ಅದನ್ನು ಕೊಡುವುದಿಲ್ಲ."

"ಕೊಡಬೇಕು. ನಿಯಮ."

"ಅದು ನನಗೆ ಚೆನ್ನಾಗಿ ನಡೆಯುತ್ತೆ ಅಂಕಲ್, ಪ್ಲೀಸ್."

"ಕೊಟ್ಟರೆ ಇನ್ನೂ ಚೆನ್ನಾಗಿ ನಡೆಯುವ ಹಾಗೆ ಮಾಡುತ್ತೇನೆ!"

ನನ್ನ ಮುಖವನ್ನು ಒಮ್ಮೆ ನೋಡಿ, ಬ್ಯಾಗಿನ ಜಿಪ್ ಎಳೆದು, ಅವಳು ಹೊರಟೇಹೋದಳು. ಸೀದಾ ಅಬೂ ನಾಸಿರ್ ಹತ್ತಿರ ಹೋಗಿ ದೂರು ಕೊಟ್ಟೆ. ಸ್ಟಾಕಿನಲ್ಲಿ ಒಂದು ಕಡಿಮೆಯಿದೆ, ಇದು ಶಿಸ್ತಿನ ಪ್ರಶ್ನೆ, ಇವತ್ತು ಒಂದು ಹೋದರೆ ನಾಳೆ ಇಡೀ ಕಪಾಟು ಹೋಗುತ್ತದೆ ಎಂದೆಲ್ಲ ಕೊರೆದೆ. ಅವರು ತಸ್ಬೀಹಿನ ಜಪಮಣಿ ಎಣಿಸುತ್ತ, "ಪಂದ್ಯ ಆಗಲಿ ಲಾರೆನ್ಸ್, ಆಮೇಲೆ ಕೇಳೋಣ," ಎಂದರು. ಆ ಒಂದು ತುಂಡು ತಗಡು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಉಳಿದ ಮ್ಯಾಗಝಿನ್‌ಗಳನ್ನು ಮೇಜಿನ ಮೇಲೆ ಹರಡಿದೆ. ಹಿಂದಿನ ದಿನವೇ ನನ್ನ ಕಣ್ಣಿಗೆ ಬಿದ್ದಿದ್ದ ಇನ್ನೊಂದು ಅನಾಚಾರ! ಒಂದೊಂದರ ಮೇಲೂ ಯಾರೋ ಬಣ್ಣದಲ್ಲಿ ನಂಬರು ಬರೆದಿದ್ದರು, ಚುಕ್ಕೆ ಇಟ್ಟಿದ್ದರು, ಗೆರೆ ಎಳೆದಿದ್ದರು. ನೂರಾಳದ್ದಕ್ಕೆ ಗುಲಾಬಿ ಬಣ್ಣದ ನೈಲ್ ಪಾಲಿಶ್. ಎಲ್ಲವೂ ಒಂದೇ ಕಂಪೆನಿಯ, ಒಂದೇ ಮಾದರಿಯ ಮಾಲು. ನಮ್ಮ ಸ್ಟೋರ್ ಶಾಸ್ತ್ರದ ಪ್ರಕಾರ ಒಂದೇ ಮಾದರಿಯ ಬೋಲ್ಟುಗಳಲ್ಲಿ ಅಣ್ಣ ತಮ್ಮ ಎಂಬ ಭೇದವಿಲ್ಲ. ಕ್ಲಬ್ಬಿನ ಆಸ್ತಿಯ ಮೇಲೆ ಚಿತ್ರ ಬಿಡಿಸುವುದೆಂದರೇನು?

ಅದಕ್ಕೂ ಮದ್ದು ತಂದಿದ್ದೆ. ಬೆಳಿಗ್ಗೆ ಶಾರನ್‌ಳ ನೈಲ್ ಪಾಲಿಶ್ ಅಳಿಸುವ ಬಾಟಲಿಯನ್ನು ಜೇಬಿಗೆ ಹಾಕುವಾಗ ಅವಳು, "ಡ್ಯಾಡಿ, ವೈ ಡು ಯು ನೀಡ್ ದ್ಯಾಟ್?" ಎಂದು ಕಣ್ಣರಳಿಸಿದ್ದಳು. "ಆಫೀಸಿನ ಕೆಲಸ" ಎಂದು ಬಾಯಿ ಮುಚ್ಚಿಸಿದ್ದೆ. ಈಗ ಹತ್ತಿಯಲ್ಲಿ ಒತ್ತಿ ಒತ್ತಿ ಎಲ್ಲ ನಂಬರು, ಚುಕ್ಕೆ, ಗೆರೆ ಅಳಿಸಿದೆ. ಫಳಫಳ! ಆಮೇಲೆ ನನ್ನ ಹಳೆಯ ಸ್ಟೋರಿನಿಂದ ಗೆಳೆಯನೊಬ್ಬ ಪ್ರೀತಿಯಿಂದ ಕೊಟ್ಟ ಗ್ರೀಸ್ ಡಬ್ಬಿ ತೆರೆದೆ. ಜೇನಿನ ಬಣ್ಣ, ತುಪ್ಪದ ಹದ. ಒಳಗೂ ಹೊರಗೂ, ಸ್ಪ್ರಿಂಗಿನ ಸಂದುಗಳಿಗೂ ಕೈಯಾರೆ ತುಂಬಿದೆ. ಮೇಣದ ಕಾಗದ ಸುತ್ತಿ, ಒಬ್ಬೊಬ್ಬರಿಗೆ ನಾಲ್ಕು ನಾಲ್ಕರಂತೆ ಸಮಪಾಲು ಕಟ್ಟಿದೆ. ಕಡಿಮೆ ಬಿದ್ದಲ್ಲಿ ಕಪಾಟಿನ ಹೊಸ ಮಾಲು ಸೇರಿಸಿದೆ. ಯಾರದ್ದು ಯಾರಿಗೆ ಹೋಯಿತೋ ದೇವರಿಗೇ ಗೊತ್ತು. ಅಂದು ಮನೆಗೆ ಹೋಗುವಾಗ ಆ ಸಾಲು ಸಾಲು ಪೊಟ್ಟಣಗಳನ್ನು ತಿರುತಿರುಗಿ ನೋಡಿದೆ. ಇಂಥ ಸ್ಟೋರ್ ಇಡೀ ಕುವೈತಿನಲ್ಲಿ ಇಲ್ಲ ಅನಿಸಿತು. ಆ ಮಾತು ನಿಜವೂ ಆಗಿತ್ತು.

ಮರುದಿನ ನನ್ನ ವಿಜಯವನ್ನು ಕಣ್ಣಾರೆ ನೋಡಲಿ ಎಂದು ಹಿಲ್ಡಾ, ಶಾರನ್, ಹಮೀದಾಕ ಮೂವರನ್ನೂ ಕರೆದುಕೊಂಡು ಹೋದೆ. ಬೇರೆ ಕ್ಲಬ್ಬುಗಳ ತಂಡಗಳು ಬಂದಿದ್ದವು. ಮುಂದಿನ ಸಾಲಿನ ಸೋಫಾಗಳಲ್ಲಿ ದೊಡ್ಡ ದೊಡ್ಡ ಅತಿಥಿಗಳು, ಅವರ ನಡುವೆ ಹೊಸ ದಿಶ್‌ದಾಶದಲ್ಲಿ ಅಬೂ ನಾಸಿರ್. ಸಣ್ಣಗೆ ಧೂಳಿನ ಗಾಳಿ. ನಾನು ಟ್ರೇಯಲ್ಲಿ ಪೊಟ್ಟಣಗಳನ್ನು ಇಟ್ಟುಕೊಂಡು, ಮದುವೆ ಮನೆಯಲ್ಲಿ ಸಿಹಿ ಹಂಚುವವನ ಹಾಗೆ ನಮ್ಮ ಆಟಗಾರರಿಗೆಲ್ಲ ಹಂಚಿದೆ.

"ಇದೇನು, ಜಿಡ್ಡು?" ಎಂದ ಮೊದಲನೆಯವನು.

"ರಕ್ಷಣೆ!" ಎಂದೆ.

ಶುರುವಾಯಿತು. ಮೊದಲನೆಯವನ ಮ್ಯಾಗಝಿನ್ ಪಿಸ್ತೂಲಿನೊಳಗೆ ಹೋಗಲೇ ಇಲ್ಲ. ಎರಡನೆಯವನದ್ದು ಹೋಯಿತು, ಹೊರಗೆ ಬರಲಿಲ್ಲ. ಮೂರನೆಯವನದ್ದು ಹೋಗಿ ಬಂದಿತು, ಆದರೆ ಗುಂಡುಗಳು ಗ್ರೀಸಿನಲ್ಲಿ ಹೂತು ಮೇಲೇಳಲಿಲ್ಲ. ಗಾಳಿಗೆ ಬಂದ ಧೂಳು ಗ್ರೀಸಿಗೆ ಅಂಟಿ ರವೆ ಉಂಡೆಯಂತಾಯಿತು. ಪಕ್ಕದ ತಂಡಗಳು ಟಪ್ ಟಪ್ ಎಂದು ಹೊಡೆಯುತ್ತಿದ್ದರೆ ನಮ್ಮ ಸಾಲಿನಲ್ಲಿ ಪ್ರಾರ್ಥನೆಯ ಮೌನ. ಒಬ್ಬೊಬ್ಬರಾಗಿ ಕೈಯೆತ್ತಿದರು.

ಆ ಕ್ಷಣದಲ್ಲಿ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ನಾನು ಸ್ಟೋರ್‌ಕೀಪರ್! ಕೈಯೆತ್ತಿದವರನ್ನು ಕಂಡರೆ ಓಡಲೇಬೇಕು.

"ಟೆನ್ಶನ್ ಬೇಡ, ಸ್ಪೇರ್ ಇದೆ!" ಎಂದು ಕೂಗುತ್ತ ಓಡಿದೆ. ಎರಡನೆಯದು ಕೊಟ್ಟೆ. ಅದೂ ಅದೇ ಅವಸ್ಥೆ. ಮೂರನೆಯದು ಕೊಟ್ಟೆ. ನಾಲ್ಕನೆಯದು ಕೊಟ್ಟೆ. ಕೊಟ್ಟಷ್ಟೂ ಜಾಮ್! ಗುರಿಕಾರರ ಕೈಯಿಂದ ಪಿಸ್ತೂಲುಗಳೇ ಜಾರತೊಡಗಿದವು. ತೀರ್ಪುಗಾರ ಗಾಬರಿಯಾಗಿ ಸೀಟಿ ಊದಿದ. ಹಿಂದಿನಿಂದ ಹಮೀದಾಕನ ಧ್ವನಿ ಕೇಳಿಸಿತು. "ಲಾರೆನ್ಸಣ್ಣ, ಎಂತ ಮಾರಾಯ್ರೆ, ಹಲ್ವಾ ಹಂಚಿದ್ದಾ?"

ಅಬೂ ನಾಸಿರ್ ಎದ್ದು ಬಂದರು. ಅವರಿಗೆ ಸಮಾಧಾನ ಹೇಳಬೇಕೆಂದು ನಾನು ಅವಸರದಲ್ಲಿ ಅವರ ಎದೆಯ ಮೇಲೆ ಕೈಯಿಟ್ಟೆ. "ಸರ್, ಕಪಾಟಿನಲ್ಲಿ ಇನ್ನೂ ಇದೆ," ಎಂದೆ. ಕೈ ತೆಗೆದಾಗ ಆ ಹಾಲಿನಂಥ ದಿಶ್‌ದಾಶದ ಮೇಲೆ ಜೇನು ಬಣ್ಣದ ಐದು ಬೆರಳುಗಳು. ಹಸ್ತರೇಖೆಗಳು ಸಹಿತ! ಅವರು ಅದನ್ನು ನೋಡಿದರು. ನಾನೂ ನೋಡಿದೆ. ಆಯುಷ್ಯ ರೇಖೆ ತುಂಡಾಗಿತ್ತು.

ಹಿಲ್ಡಾ ಶಾಲಿನಲ್ಲಿ ಮುಖ ಮುಚ್ಚಿಕೊಂಡದ್ದು ಕಂಡಿತು. ಶಾರನ್ ಅಪ್ಪನನ್ನು ಗುರುತೇ ಇಲ್ಲದವಳ ಹಾಗೆ ಆಕಾಶ ನೋಡುತ್ತಿದ್ದಳು. ಅವಳನ್ನು ನೋಡಿದಾಗ ನನಗೆ ನಿಜವಾಗಿ ಕಣ್ಣು ಮಂಜಾಯಿತು. ಮಗುವಿನ ಹತ್ತನೇ ಕ್ಲಾಸನ್ನು ನಾನೇ ಗ್ರೀಸ್ ಬಳಿದು ಹಾಳುಮಾಡಿದೆನಲ್ಲ!

ಆಗ ಸಾಲಿನ ಕೊನೆಯಲ್ಲಿ ಒಂದು ಟಪ್.

ನೂರಾ! ನಾನು ಕೊಟ್ಟ ಪೊಟ್ಟಣಗಳನ್ನು ಅವಳು ಬಿಚ್ಚಿಯೇ ಇರಲಿಲ್ಲ. ಹ್ಯಾಂಡ್‌ಬ್ಯಾಗಿನಿಂದ ಗುಲಾಬಿ ಚುಕ್ಕೆಯ ಆ ಒಂದೇ ಮ್ಯಾಗಝಿನ್ ತೆಗೆದಿದ್ದಳು. ಐದು ಹೊಡೆದು, ಹೊರಗೆ ತೆಗೆದು, ತಾನೇ ಐದು ತುಂಬಿ, ಮತ್ತೆ ಸಿಕ್ಕಿಸಿ, ಮತ್ತೆ ಐದು. ಉಳಿದವರೆಲ್ಲ ನಾಲ್ಕು ನಾಲ್ಕು ಇಟ್ಟುಕೊಂಡು ಕೈಯೆತ್ತಿ ನಿಂತಿದ್ದಾಗ ಅವಳು ಒಂದರಲ್ಲೇ ಇಡೀ ಪಂದ್ಯ ಮುಗಿಸಿದಳು. ಮೊದಲ ಸ್ಥಾನ. ತಂಡದಲ್ಲಿ ಜಾಗವೂ ಸಿಕ್ಕಿತು. ಯಾರಿಗೂ ಕಾಣದಂತೆ ನಾನೂ ಚಪ್ಪಾಳೆ ತಟ್ಟಿದೆ. ಗ್ರೀಸಿನ ಕೈ, ಸದ್ದು ಬರಲಿಲ್ಲ.

ಸಂಜೆ ಅಬೂ ನಾಸಿರ್ ಕರೆಸಿದರು. ಬೇರೆ ದಿಶ್‌ದಾಶ ಹಾಕಿಕೊಂಡಿದ್ದರು. ನಾನು ದೂರದಲ್ಲೇ ಕೈ ಕಟ್ಟಿ ನಿಂತೆ.

"ಮಹಮೂದ್‌ಗೆ ಫೋನ್ ಮಾಡಿದ್ದೆ," ಎಂದರು. ಮಹಮೂದ್ ಒಂದೊಂದು ಮ್ಯಾಗಝಿನ್ ಅನ್ನೂ ಒಂದೊಂದು ಪಿಸ್ತೂಲಿಗೆ ಹೊಂದುವ ಹಾಗೆ ಉಜ್ಜಿ, ತಿದ್ದಿ, ಅದಕ್ಕೆ ನಂಬರು ಹಾಕಿದ್ದರಂತೆ. ಅವು ಯಾವಾಗಲೂ ಒಣಗಿರಬೇಕಂತೆ. ನಾನು ಮಾಡಿದ್ದನ್ನು ಕೇಳಿ ಮದುವೆ ಮನೆಯಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ.

"ಈಗ ಹೇಳು. ಎಷ್ಟು ಸ್ಪೇರ್ ಇತ್ತು ನಿನ್ನ ಹತ್ತಿರ?"

"ಒಬ್ಬೊಬ್ಬರಿಗೆ ನಾಲ್ಕು ಸರ್."

"ನಡೆದದ್ದೆಷ್ಟು?"

"ಒಂದು ಸರ್. ನನ್ನ ಹತ್ತಿರ ಇಲ್ಲದ್ದು."

ಅವರ ಗಡ್ಡ ಅಲುಗಿತು. ಕೋಪವೆಂದುಕೊಂಡೆ. ನಗು! ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನೂರಾ ಹೋಗುವ ಮುಂಚೆ ಬಂದು, ಅಂಕಲನ್ನು ತೆಗೆಯಬೇಡಿ, ಪಾಪ ಅಷ್ಟು ಓಡಿದರು ಎಂದು ಹೇಳಿಹೋಗಿದ್ದಳಂತೆ. ನನ್ನನ್ನು ಗುರಿಕಾಗದಗಳ ಕೋಣೆಗೆ ಹಾಕಲಾಯಿತು. "ಕಾಗದ, ಲಾರೆನ್ಸ್. ಬರೀ ಕಾಗದ. ಗ್ರೀಸ್ ಹಚ್ಚಬೇಡ. ಯಲ್ಲಾ, ನಡಿ," ಎಂದರು. ಮಹಮೂದ್ ರಜೆ ಮುಗಿಸಿ ಬಂದವರೇ ಮೊದಲು ಮಾಡಿದ ಕೆಲಸ, ಪಿಸ್ತೂಲಿನ ಕೋಣೆಯ ಬಾಗಿಲಿನ ಮುಂದೆ ಕೆಂಪು ಗೆರೆ ಎಳೆದದ್ದು. ಅದು ಎಲ್ಲರಿಗೂ ಅಲ್ಲ, ನನಗೊಬ್ಬನಿಗೆ.

ಇಕಾಮಾ ವರ್ಗಾವಣೆಯ ದಿನ ಹಿಲ್ಡಾ ರಜೆ ಹಾಕಿ ನನ್ನ ಜೊತೆ ಬಂದಳು. ಕಾಗದಪತ್ರ ನನ್ನ ಕೈಯಲ್ಲಿ ಬಿಡಲು ಅವಳಿಗೆ ಧೈರ್ಯ ಇರಲಿಲ್ಲ. ಕೌಂಟರಿನ ಗುಮಾಸ್ತ ಎಲ್ಲ ನೋಡಿ, "ಫೋಟೊ," ಎಂದ.

ನನಗೆ ನಗು ಬಂತು. ಫೋಟೊ! ನನ್ನ ಹತ್ತಿರ ಫೋಟೊ ಇಲ್ಲದೆ ಇರುತ್ತದೆಯೆ? ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಸುತ್ತಿ ಭದ್ರವಾಗಿಟ್ಟ ಕಟ್ಟನ್ನು ಓಡಿಹೋಗಿ ತಂದೆ. ಕುವೈತಿನ ಬಿಸಿಲು ಅದನ್ನು ಒಂದೇ ಇಟ್ಟಿಗೆ ಮಾಡಿತ್ತು. ಎಳೆದರೆ ನನ್ನ ಮೂಗು ಒಂದರಲ್ಲಿ, ಮೀಸೆ ಇನ್ನೊಂದರಲ್ಲಿ. ಹಿಂದೆ ನಿಂತವರು ಗೊಣಗತೊಡಗಿದರು. ಹಿಲ್ಡಾ ನಿಟ್ಟುಸಿರು ಬಿಟ್ಟು, ಹ್ಯಾಂಡ್‌ಬ್ಯಾಗಿನ ಜಿಪ್ ಎಳೆದು, ಪರ್ಸಿನ ಒಳಗಿನಿಂದ ಒಂದೇ ಒಂದು ಫೋಟೊ ತೆಗೆದುಕೊಟ್ಟಳು. ಮದುವೆಯಾದ ಹೊಸತರಲ್ಲಿ ತೆಗೆಸಿದ್ದು. ತಲೆ ತುಂಬ ಕೂದಲು, ಕಡ್ಡಿಯಂಥ ಕುತ್ತಿಗೆ.

ಇಷ್ಟು ವರ್ಷ ಅದನ್ನು ಜೊತೆಗೆ ಇಟ್ಟುಕೊಂಡಿದ್ದಳೇ ಎಂದು ನನ್ನ ಎದೆ ಕರಗಿ ನೀರಾಯಿತು. ಅಷ್ಟರಲ್ಲಿ ಗುಮಾಸ್ತ ಫೋಟೊವನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಹುಬ್ಬೇರಿಸಿದ.

"ಇದು ಯಾರು? ಇವರ ತಮ್ಮನೇ?"

ಕ್ಲಿನಿಕ್ಕಿನಲ್ಲಿ ಕಲಿತ ಅಚ್ಚ ಅರಬ್ಬಿಯಲ್ಲಿ, ಮುಖದ ಮೇಲೆ ಒಂದು ಗೆರೆಯೂ ಅಲುಗದೆ ಹಿಲ್ಡಾ ಉತ್ತರಿಸಿದಳು.

"ಅಲ್ಲ. ಫೋಟೊದಲ್ಲಿರುವುದು ಒರಿಜಿನಲ್. ಈ ನಿಂತಿರುವುದು ಸ್ಪೇರ್."

ಗುಮಾಸ್ತ ಠಪ್ಪೆಂದು ಮುದ್ರೆ ಒತ್ತಿದ.